ಮೊದಲ ಸಾಲಿನ ಮೂವತ್ತೊಂದು ಹೆಸರು

ಸಂತೇಬೆನ್ನೂರಿನಲ್ಲಿ ಭೀಮೇಶನ ಬಗ್ಗೆ ಕೆಟ್ಟ ಮಾತಾಡುವವರು ಒಬ್ಬರೂ ಸಿಗುವುದಿಲ್ಲ. ಅವನ ಮನೆ ಹಾಳಾದದ್ದೇ ಅದರಿಂದ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಅವನನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ಈಗ ನಗು ಬರುವುದಿಲ್ಲ.

ಊರು ಅವನದಲ್ಲ. ಜಗಳೂರು ಕಡೆಯವನು. ಹದಿನೆಂಟನೇ ವಯಸ್ಸಿಗೆ ಟೀವಿ ಕೇಬಲ್ ಎಳೆಯುವ ಕೆಲಸಕ್ಕೆಂದು ಬಂದು, ಕಂಬ ಹತ್ತಿ ಇಳಿಯುತ್ತ ಇಲ್ಲಿಯೇ ಉಳಿದುಬಿಟ್ಟ. ಅವನ ಧಣಿ ಮಹೇಶ್ವರಪ್ಪನವರದು ಅಡಿಕೆ ವ್ಯಾಪಾರದ ಮನೆತನ. ಕೇಬಲ್ ಟೀವಿ ನೋಡುವವರು ಕಡಿಮೆಯಾಗುತ್ತ ಬಂದಾಗ ಅವರು ಅದೇ ಕಂಬಗಳ ಮೇಲೆ ಇಂಟರ್ನೆಟ್ ತಂತಿ ಎಳೆಸಿದರು. ಯಂತ್ರಗಳನ್ನು ಕೂರಿಸಲು ಬಂದ ಇಂಜಿನಿಯರು ಮೂರು ದಿನ ಇದ್ದು, ಊಟ ಚೆನ್ನಾಗಿತ್ತು ಎಂದು ಹೇಳಿ ಹೋದವರು ಆಮೇಲೆ ಫೋನ್ ಎತ್ತಲಿಲ್ಲ. ಅಂದಿನಿಂದ ಭೀಮೇಶನೇ ಇಂಜಿನಿಯರು. ಹತ್ತನೇ ಕ್ಲಾಸು ಓದಿದವನು ಇಂಗ್ಲಿಷ್ ಕೈಪಿಡಿಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದ. ಅಡಿಕೆ ಮಂಡಿಯ ಮೇಲಿನ ಕೋಣೆಯಲ್ಲಿ ಬುರ್ರೆನ್ನುವ ಫ್ಯಾನುಗಳ ನಡುವೆ ಕೂತು, ತಪ್ಪು ಮಾಡಿ, ಇಡೀ ಊರಿಗೇ ಇಂಟರ್ನೆಟ್ ಇಲ್ಲದಂತೆ ಮಾಡಿ, ಮತ್ತೆ ಸರಿ ಮಾಡಿ ಕಲಿತ. ಎರಡು ವರ್ಷದಲ್ಲಿ ಕಲಿತದ್ದು ಸಣ್ಣದೇನಲ್ಲ.

ಅವನಿಗೆ ಬರದೇ ಹೋದ ವಿದ್ಯೆ ಒಂದೇ. ಈ ಸೀಮೆಯಲ್ಲಿ ಮುಖ ನೋಡಿಕೊಂಡು ಆಗಲ್ಲ ಎನ್ನುವುದು ಬೈದದ್ದಕ್ಕೆ ಸಮ. ಆಗದ ಕೆಲಸಕ್ಕೂ ‘ನೋಡಾಣ ಬಿಡ್ರಿ’ ಎನ್ನುತ್ತಾರೆ. ಕೇಳಿದವರಿಗೂ ಅದರ ಅರ್ಥ ಗೊತ್ತು, ಹೇಳಿದವರಿಗೂ ಗೊತ್ತು. ಹಾಗೆಂದವರೆಲ್ಲ ಮನೆಗೆ ಹೋಗಿ ಮರೆತುಬಿಡುತ್ತಾರೆ. ಭೀಮೇಶ ಮಾತ್ರ ಮನೆಗೆ ಹೋಗದೆ ಅದನ್ನು ಮಾಡಿಬಿಡುತ್ತಿದ್ದ.

ಅವನಿಗೊಬ್ಬಳು ತಂಗಿ, ಚೈತ್ರಶ್ರೀ. ಅಪ್ಪ ಅವ್ವ ಇಬ್ಬರೂ ಇಲ್ಲವಾದ ಮೇಲೆ ಸೋದರಮಾವ ಗಾದ್ರಪ್ಪನೇ ನಿಂತು ಅವಳನ್ನು ನ್ಯಾಮತಿಯ ತಿಮ್ಮೇಶನಿಗೆ ಕೊಟ್ಟು ಮದುವೆ ಮಾಡಿದ್ದ. ತಿಮ್ಮೇಶ್ ಕುಡಿಯುವವನಲ್ಲ, ಹೊಡೆಯುವವನಲ್ಲ, ಗಟ್ಟಿಯಾಗಿ ಮಾತಾಡುವವನೂ ಅಲ್ಲ. ಬೆಳಿಗ್ಗೆ ಅಕ್ಕಿ ಗಿರಣಿಯ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ, ಅಷ್ಟೆ. ಸಂಜೆ ಬಂದು ತೆಗೆಯುತ್ತಿದ್ದ. ಫೋನೂ ಅವನ ಜೇಬಿನಲ್ಲಿಯೇ. ಎರಡು ವರ್ಷ ಹೀಗೆ. ಒಂದು ಸಲ ಜ್ವರ ಏರಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದವಳನ್ನು ಪಕ್ಕದ ಮನೆಯ ಅಂಜಮ್ಮ ಕಿಟಕಿಯಲ್ಲಿ ಕಂಡು, ಜನ ಸೇರಿಸಿ ಬಾಗಿಲು ಒಡೆಸಿದಳು. ಆ ಒಡೆದ ಬಾಗಿಲಿನಿಂದ ಹೊರಬಿದ್ದ ಚೈತ್ರಶ್ರೀ ಮತ್ತೆ ಒಳಗೆ ಹೋಗಲಿಲ್ಲ. ಸೀದಾ ಅಣ್ಣನ ಮನೆಗೆ ಬಂದಳು.

ಹಿರಿಯರು ಕೂತು ಮಾತಾಡಿದರು. ಹೊಡೆದಿಲ್ಲ ಬಡಿದಿಲ್ಲ, ಬಿಟ್ಟು ಬರುವಂಥದ್ದು ಏನಾಗಿದೆ ಎಂಬುದು ಅವರ ಪ್ರಶ್ನೆ. ಬೀಗ ಎಂದರೆ, ಊರು ಕೆಟ್ಟಿದೆ, ಹೆಂಗಸು ಜೋಪಾನ ಎಂದು ಹಾಕಿದ್ದಾನು ಎಂದರು. ಕೊನೆಗೆ ಗಾದ್ರಪ್ಪ ಒಂದು ತೀರ್ಮಾನ ಹೇಳಿದ: “ತನ್ನ ಕಾಲ ಮ್ಯಾಲೆ ತಾನು ನಿಂತ್ಕಂಡು ಇರಂಗಿದ್ರೆ ಅಣ್ಣನ ಮನ್ಯಾಗೆ ಇರ್ಲಿ. ಸುಮ್ನೆ ಕೂತ್ಕಳಂಗಿದ್ರೆ ಗಂಡನ ಮನೆಗೆ ಹೋಗ್ಲಿ.” ಅವತ್ತೂ ಭೀಮೇಶನನ್ನು ಕೇಳಿದ್ದರು. ಅವತ್ತೂ ಅವನು, ಹಿರಿಯರು ಹೇಳಿದಂಗೆ ಎಂದಿದ್ದ.

ಅದೃಷ್ಟಕ್ಕೆ ಆಗ ಊರಿನಲ್ಲಿ ಕರೆ ಕೇಂದ್ರವೊಂದು ತೆರೆದಿತ್ತು. ನೀರೆತ್ತುವ ಪಂಪು ಮಾಡುವ ಯಾವುದೋ ದೊಡ್ಡ ಕಂಪನಿಯ ದೂರುಗಳನ್ನೆಲ್ಲ ಇಲ್ಲಿ ಕೂತು ಕನ್ನಡದಲ್ಲಿ ಕೇಳಿಸಿಕೊಳ್ಳುವ ಕೆಲಸ. ಇಪ್ಪತ್ತೆರಡು ಹೆಣ್ಣುಮಕ್ಕಳು, ಕಿವಿಗೆ ಹೆಡ್‌ಫೋನು, ಮುಂದೊಂದು ಕಂಪ್ಯೂಟರು. ನಡೆಸುವವನು ಪ್ರವೀಣ್ ಕುಮಾರ್ ಎಂಬ ಚನ್ನಗಿರಿಯ ಹುಡುಗ. ಚೈತ್ರಶ್ರೀ ಸೇರಿ ಆರು ತಿಂಗಳಿಗೆ ಅವಳನ್ನೇ ಎಲ್ಲರಿಗೂ ಮೇಲಿನವಳನ್ನಾಗಿ ಮಾಡಿದ. ಮೋಟಾರು ಸುಟ್ಟು ತಲೆ ಕೆಟ್ಟು ಅಮ್ಮ ಅಕ್ಕ ಎಂದು ಬೈಯುವ ಗಂಡಸರನ್ನು ಅವಳು ಎರಡು ನಿಮಿಷದಲ್ಲಿ ತಣ್ಣಗೆ ಮಾಡುತ್ತಿದ್ದಳು. ಎರಡು ವರ್ಷ ಗೋಡೆಯ ಜೊತೆ ಇದ್ದವಳು ಈಗ ದಿನಕ್ಕೆ ಎಂಬತ್ತು ಜನರ ಜೊತೆ ಮಾತಾಡುತ್ತಿದ್ದಳು. ಮನೆಗೆ ಬಂದಾಗ ಗಂಟಲು ಕಟ್ಟಿರುತ್ತಿತ್ತು, ಮುಖ ಮಾತ್ರ ಅರಳಿರುತ್ತಿತ್ತು. ಅದನ್ನು ನೋಡುವುದೇ ಭೀಮೇಶನಿಗೆ ಹಬ್ಬ.

ಆ ಕೇಂದ್ರದ ಮಾತೆಲ್ಲ ಓಡುವುದು ಮಹೇಶ್ವರಪ್ಪನವರ ತಂತಿಯಲ್ಲಿ. ಚನ್ನಗಿರಿಯಿಂದ ಸಂತೇಬೆನ್ನೂರಿಗೆ ಬರುವ ಒಂದೇ ಲೈನು. ಎರಡು ತುದಿಯಲ್ಲೂ ಹಳೆಯ ಯಂತ್ರ. ಇಡೀ ಊರು ಅದರಲ್ಲೇ ಸಿನಿಮಾ ನೋಡಬೇಕು, ಅದರಲ್ಲೇ ಪಾಠ ಕೇಳಬೇಕು, ಅದರಲ್ಲೇ ಅಡಿಕೆ ರೇಟು ತಿಳಿಯಬೇಕು. ಸಿನಿಮಾ ಒಂದು ಚಣ ತಡವಾದರೆ ಯಾರೂ ಸಾಯುವುದಿಲ್ಲ, ಮಾತು ತಡವಾದರೆ ಅದು ಮಾತೇ ಅಲ್ಲ. ಭೀಮೇಶ ಕೈಪಿಡಿ ನೋಡಿ ಎರಡು ವ್ಯವಸ್ಥೆ ಮಾಡಿದ. ಒಂದು, ಪ್ರತಿ ಗಿರಾಕಿಗೂ ಒಂದು ಮಿತಿ. ಅದರ ಮೇಲೆ ಬಂದದ್ದನ್ನು ಸ್ವಿಚ್ಚು ಎಂಬ ಆ ಯಂತ್ರ ಮುಲಾಜಿಲ್ಲದೆ ಬಿಸಾಡುತ್ತದೆ. ಎರಡು, ಸಾಲುಗಳು. ಮೊದಲ ಸಾಲಿನಲ್ಲಿ ಇರುವುದು ಪೂರ್ತಿ ಹೋದ ಮೇಲೆಯೇ ಎರಡನೆಯದಕ್ಕೆ ದಾರಿ. ಆ ಮೊದಲ ಸಾಲಿಗೆ ತಂಗಿಯ ಕರೆ ಕೇಂದ್ರವೊಂದನ್ನೇ ಹಾಕಿದ.

“ಅಂದ್ರೆ ನಾಲೆ ಕೊನೆಗಿರೋ ಹೊಲಕ್ಕೆ ಮೊದ್ಲು ನೀರು ಬಿಟ್ಟಂಗೆ,” ಎಂದಳು ಚೈತ್ರಶ್ರೀ.

“ಹ್ಞೂಂ. ಅಷ್ಟೇ.”

ಮೊದಲ ಸಾಲಿಗೂ ಒಟ್ಟು ಒಂದು ಮಿತಿ ಇರಲೇಬೇಕು, ಇಲ್ಲವಾದರೆ ಕೆಡುತ್ತದೆ ಎಂದು ಕೈಪಿಡಿ ಎಚ್ಚರಿಸಿತ್ತು. ಅದನ್ನೂ ಇಟ್ಟ. ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಇಂಥ ಒಂದು ಸಾಲು ಇದೆಯೆಂಬ ಸುದ್ದಿ ಹೇಗೆ ಹೊರಬಿತ್ತೋ. ಊರಿನಲ್ಲಿ ಗುಟ್ಟು ಉಳಿಯುವುದಾದರೂ ಎಲ್ಲಿ? ಮೊದಲು ಬಂದವರು ನಿವೃತ್ತ ಮೇಷ್ಟ್ರು ಕಲ್ಲೇಶ್. ಮೊಮ್ಮಗಳು ಯಾವುದೋ ಪರೀಕ್ಷೆಗೆ ಕಂಪ್ಯೂಟರಿನಲ್ಲಿ ಪಾಠ ಕೇಳುತ್ತಾಳೆ, ಮಧ್ಯೆ ಮಧ್ಯೆ ನಿಲ್ಲುತ್ತದೆ. “ನಮ್ದೊಂದು ಆ ಮುಂದ್ಲ ಸಾಲಿಗೆ ಹಾಕಪ್ಪ. ಒಂದು ಮನೆಯಿಂದ ಏನಾಗಾಕೆ ಐತೆ?” ಭೀಮೇಶ ಲೆಕ್ಕ ಹಾಕಿದ, ಒಂದು ಮನೆಯಿಂದ ನಿಜಕ್ಕೂ ಏನೂ ಆಗುವಂತಿರಲಿಲ್ಲ. ಹಾಕಿದ. ಆಮೇಲೆ ಮಹೇಶ್ವರಪ್ಪನವರ ಭಾವಮೈದುನನ ಮಂಡಿ. ಆಮೇಲೆ ಕಸ್ತೂರಮ್ಮ, ದೂರದ ಊರಿನಲ್ಲಿ ಬಾಣಂತಿಯಾಗಿರುವ ಮಗಳ ಮುಖ ನೋಡಬೇಕು ಎಂದು ಕಣ್ಣೀರು ಹಾಕಿದವಳು. ಆಮೇಲೆ ಭೀಮೇಶನಿಗೆ ಮನೆ ಬಾಡಿಗೆಗೆ ಕೊಟ್ಟವರು, ಕೈ ಮುರಿದಾಗ ಕಟ್ಟು ಹಾಕಿದವರು, ಚೈತ್ರಶ್ರೀ ಬಂದ ಹೊಸದರಲ್ಲಿ ಏನೂ ಕೇಳದೆ ಪಾತ್ರೆ ಪಡಗ ಕೊಟ್ಟವರು. ಎಲ್ಲರೂ ಬಂದದ್ದು ಒಬ್ಬೊಬ್ಬರಾಗಿ, ಎಲ್ಲರೂ ಕೇಳಿದ್ದು ತಮ್ಮದೊಂದನ್ನೇ. ಯಾರ ಮುಖ ಮುರಿಯುವುದು?

ಹನ್ನೆರಡನೇ ಹೆಸರಿಗೆ ಮೊದಲ ಸಾಲಿನ ಮಿತಿ ತುಂಬಿತು. ಮಿತಿ ಮೀರಿದ್ದನ್ನು ಸ್ವಿಚ್ಚು ಬಿಸಾಡತೊಡಗಿತು, ಬಿಸಾಡುವಾಗ ಇದು ಸಿನಿಮಾ, ಇದು ಚೈತ್ರಶ್ರೀಯ ಮಾತು ಎಂದು ಅದು ನೋಡಲಿಲ್ಲ. “ಅಣ್ಣಾ, ಇವತ್ತು ಮಾತು ಕಟ್ ಕಟ್ ಆಗ್ತಿತ್ತು” ಎಂದಳು ಅವಳು. ಮಾಡಬೇಕಾದದ್ದು ಹನ್ನೊಂದು ಜನರನ್ನು ಕೆಳಗಿಳಿಸುವುದು. ಭೀಮೇಶ ಅವರ ಮುಖಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡ. ಆಮೇಲೆ ಆ ಮಿತಿಯನ್ನೇ ಅಳಿಸಿಹಾಕಿದ. ಯಂತ್ರಕ್ಕೆ ಕೊಡಬೇಕಾದದ್ದು ಒಂದೇ ಒಂದು ಕಮಾಂಡು. ಮಾತು ಅಂದೇ ಸರಿಹೋಯಿತು, ತಂಗಿ ಹೊಗಳಿದಳು. ಒಂದು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಅವನನ್ನು ಹಾಳು ಮಾಡಿದ್ದು ಆ ತಿಂಗಳೇ.

ಹೆಸರುಗಳು ಮೂವತ್ತೊಂದಾದವು. ಮೊದಲ ಸಾಲಿನಲ್ಲಿ ಈಗ ಎರಡನೇ ಸಾಲಿಗಿಂತ ಹೆಚ್ಚು ನೂಕುನುಗ್ಗಲು. ಕರೆ ಕೇಂದ್ರದ ಮಾತು ಯಾರದೋ ಸಿನಿಮಾದ ಹಿಂದೆ ನಿಂತು ಕಾಯತೊಡಗಿತು. ಕರೆ ಮಾಡಿದ ರೈತರು ಬೈದು ಫೋನಿಡುವುದು ಹೆಚ್ಚಿತು. ಒಂದು ದಿನ ಪ್ರವೀಣ್ ಕುಮಾರ್ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ: ಬುಧವಾರ, ಗುರುವಾರ ಕಂಪನಿಯವರು ಹತ್ತರಿಂದ ಒಂದರವರೆಗೆ ಪ್ರತಿ ಕರೆಯಲ್ಲೂ ಮಾತು ಎಷ್ಟು ಸ್ಪಷ್ಟ ಎಂದು ಅಳೆಯುತ್ತಾರೆ. ಎರಡೂ ದಿನ ಪಾಸಾಗಬೇಕು. ಇಲ್ಲವಾದರೆ ಈ ಕೇಂದ್ರ ಬೇರೆ ಊರಿಗೆ.

ಚೈತ್ರಶ್ರೀ ಹೆದರಲಿಲ್ಲ. “ಲೈನ್ ನೋಡ್ಕಳೋದು ನಮ್ಮಣ್ಣ ಕಣ್ರೆ, ಅದೇನೂ ಆಗಾಕಿಲ್ಲ” ಎಂದು ಉಳಿದವರಿಗೆ ಧೈರ್ಯ ಹೇಳಿದಳಂತೆ. ಅದನ್ನು ಮನೆಗೆ ಬಂದು ಅಣ್ಣನಿಗೂ ಹೇಳಿದಳು. ಭೀಮೇಶ ಮುರಿದ ಮುದ್ದೆಯನ್ನು ತಟ್ಟೆಗೇ ಇಟ್ಟು ಕೈ ತೊಳೆದ.

ಮಂಗಳವಾರ ಅವನು ಬಾಗಿಲು ಹಾಕಿಕೊಂಡು, ತಂಗಿಯದೊಂದನ್ನು ಬಿಟ್ಟು ಮೂವತ್ತೂ ಹೆಸರನ್ನು ಅಳಿಸಿದ. ಬುಧವಾರ ಕೇಂದ್ರದ ಮಾತು ಗಂಟೆ ಬಾರಿಸಿದಂತೆ ಕೇಳಿತು. ಪ್ರವೀಣ್ ಕುಮಾರ್ ಮಧ್ಯಾಹ್ನ ಎಲ್ಲರಿಗೂ ಜಿಲೇಬಿ ತರಿಸಿದ. ಆದರೆ ಊರಿನಲ್ಲಿ ಮೂವತ್ತು ಮನೆಗಳಿಗೆ ಏನೋ ಕಡಿಮೆಯಾಗಿತ್ತು. ಸಂಜೆಯೊಳಗೆ ಮಂಡಿಯ ಮೆಟ್ಟಿಲಿನ ಮೇಲೆ ಒಂಬತ್ತು ಜನ ಬಂದು ಹೋದರು. ಯಾರೂ ಜಗಳವಾಡಲಿಲ್ಲ, ಜಗಳವಾಡಿದ್ದರೆ ಅವನು ಗಟ್ಟಿಯಾಗುತ್ತಿದ್ದನೇನೋ. “ನಮ್ಮಿಂದ ಏನಾರ ತಪ್ಪಾಗೈತೇನಪ್ಪ?” ಎಂದು ಮೇಷ್ಟ್ರು ಕೇಳಿದಾಗ ಅವನು ಅವರಿಗೆ ಕುರ್ಚಿ ಒರೆಸಿ ಕೊಟ್ಟ.

ಕೊನೆಗೆ ಮಹೇಶ್ವರಪ್ಪನವರೇ ಬಂದರು. ಗುರುವಾರ ಅವರ ತಮ್ಮನ ಮಗಳ ಮದುವೆ, ಊರಿನ ಕಲ್ಯಾಣ ಮಂಟಪದಲ್ಲಿ. ಹತ್ತೂ ನಲವತ್ತಕ್ಕೆ ಮುಹೂರ್ತ. ಬರಲಾಗದ ನೆಂಟರಿಗೆಲ್ಲ ನೇರ ಪ್ರಸಾರ. ಕ್ಯಾಮೆರಾದವರು ಆಗಲೇ ತಂತಿ ಎಳೆದಿದ್ದರು.

“ನಾಳೆ ಒಂದಿನ ಏನೂ ತೊಂದ್ರೆ ಆಗ್ಬಾರ್ದು ನೋಡು. ಮೊದ್ಲು ಹೆಂಗಿತ್ತೋ ಹಂಗೆ ಮಾಡಿಬಿಡು ಮಾರಾಯ. ನಂಟ್ರ ಮನೆಗಳೂ ಅದ್ರಾಗೇ ಅದಾವೆ.”

“ಧಣಿ, ನಾಳೆ ಒಂದಿನ ಆ ಫೋನಿನ ಆಫೀಸಿನ ಪರೀಕ್ಷೆ ಐತೆ…”

“ಅದೂ ಇರ್ಲಿ ಬಿಡಪ್ಪ, ಬ್ಯಾಡ ಅಂದೋರ್ಯಾರು? ಎರಡೂ ನಡೀಲಿ.”

ಅವರ ದನಿಯಲ್ಲಿ ಕೇಡಿರಲಿಲ್ಲ. ಎರಡೂ ನಡೆಯುವುದಿಲ್ಲ ಎಂದು ಆ ಊರಿನಲ್ಲಿ ಗೊತ್ತಿದ್ದವನು ಒಬ್ಬನೇ. ಆ ಒಬ್ಬ “ನೋಡಾಣ ಧಣಿ” ಎಂದ. ಮೂವತ್ತೂ ಹೆಸರನ್ನು ಮತ್ತೆ ಬರೆದ, ಮದುವೆಯದನ್ನೂ ಸೇರಿಸಿದ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮದುವೆಯ ಪ್ರಸಾರಕ್ಕೊಂದು ಮಿತಿ ಹಾಕಿಬಿಡುತ್ತೇನೆ, ಚಿತ್ರ ಕೊಂಚ ಮಸುಕಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟು ಧೈರ್ಯ ತನಗಿದೆ ಎಂದು ನಂಬಿಯೂ ಇದ್ದ.

ಗುರುವಾರ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಅವನು ಆ ಕಮಾಂಡನ್ನು ಬರೆದು ಮುಗಿಸಿದ್ದ. ಒಂದು ಕೀಲಿ ಒತ್ತುವುದಷ್ಟೇ ಬಾಕಿ. ಆಗ ಫೋನು ಬಂತು. ಮಹೇಶ್ವರಪ್ಪನವರ ಹೆಂಡತಿ ಶಾಂತಾದೇವಿ. ಹದಿನಾರು ವರ್ಷದಲ್ಲಿ ಅವನು ಕಂಬದಿಂದ ಇಳಿದು ಬಂದಾಗಲೆಲ್ಲ ಉಂಡೆಯಾ ಎಂದು ಕೇಳಿದ ಹೆಂಗಸು.

“ಭೀಮಣ್ಣ, ಗಡಿಬಿಡ್ಯಾಗೆ ಅದೀಯೇನೋ. ಒಂದೇ ಮಾತು ಕಣಪ್ಪ. ಅತ್ತೆಮ್ಮ ಹಾಸಿಗೆ ಬಿಟ್ಟು ಏಳಂಗಿಲ್ಲ. ಟೀವಿ ಮುಂದೆ ಕುಂದ್ರಿಸಿ ಬಂದೀನಿ. ಕಣ್ಣು ಮೊದ್ಲೇ ಮಬ್ಬು. ಮೊಮ್ಮಗಳಿಗೆ ತಾಳಿ ಕಟ್ಟೋದು ಕಾಣಂಗೆ ಮಾಡಪ್ಪ.”

“ಆತ್ ಕಣ್ರವ್ವ,” ಎಂದ ಭೀಮೇಶ.

ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದ. ಹತ್ತೂವರೆಗೆ ಲೈನು ತುಂಬಿತು. ಮದುವೆ ಊರಿನಿಂದ ಆಚೆ ಹೋಗುತ್ತಿತ್ತು, ಅದೇ ಮದುವೆ ಆಚೆಯಿಂದ ನೆಂಟರ ಮನೆಮನೆಗೂ ಅದೇ ತಂತಿಯಲ್ಲಿ ವಾಪಸು ಬರುತ್ತಿತ್ತು. ತಡೆಯಲಾರದೆ ಅವನು ತನ್ನ ಫೋನಿನಿಂದ ಕೇಂದ್ರದ ನಂಬರಿಗೆ ಕರೆ ಮಾಡಿದ. ಯಾರಾದರೂ ಎತ್ತಬಹುದಿತ್ತು. ಎತ್ತಿದವಳು ಚೈತ್ರಶ್ರೀ.

“ನಮಸ್… ನಾನು ಚೈ… ಮಾತಾಡ್ತಾ… ಹಲೋ? ಸಾರ್, ನಿಮ್ಮ ಮಾತು… ಹಲೋ?”

ಭೀಮೇಶ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

“ಸಾರ್, ದಯವಿಟ್ಟು… ಇನ್ನೊಂದ್ ಸಲ… ನಾನು ಇಲ್ಲೇ ಇದ್ದೀನಿ ಸಾರ್… ಹಲೋ?”

ಅವಳು ಫೋನಿಡಲಿಲ್ಲ. ಇಡಬಾರದೆಂಬುದು ಅಲ್ಲಿನ ನಿಯಮ, ಕರೆ ಮಾಡಿದವರೇ ಇಡಬೇಕು. ಬೇಸರವಿಲ್ಲದ, ಸಿಟ್ಟಿಲ್ಲದ, ಚೂರು ಚೂರಾದ ದನಿಯಲ್ಲಿ ಹಲೋ ಹಲೋ ಎನ್ನುತ್ತಲೇ ಇದ್ದಳು. ಅತ್ತ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ತಾಳಿ ಕಟ್ಟುವುದು ಕನ್ನಡಿಯಲ್ಲಿ ನೋಡಿದಷ್ಟು ಸ್ವಚ್ಛವಾಗಿ ಕಾಣುತ್ತಿತ್ತು. ಆಗಲೂ ಕೀಲಿಮಣೆ ಅವನ ಕೈಯಳತೆಯಲ್ಲಿಯೇ ಇತ್ತು. ಅವನು ಫೋನು ಕಟ್ ಮಾಡಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತ.

ಹದಿನೈದು ದಿನಕ್ಕೆ ಕೇಂದ್ರ ಮುಚ್ಚಿತು. ಕಂಪ್ಯೂಟರುಗಳನ್ನು ಲಾರಿಗೆ ಏರಿಸುವಾಗ ಇಪ್ಪತ್ತೆರಡು ಹೆಣ್ಣುಮಕ್ಕಳು ಬೀದಿಯಲ್ಲಿ ನಿಂತು ನೋಡಿದರು. ಚೈತ್ರಶ್ರೀ ಒಂದು ವಾರ ಕೆಲಸ ಹುಡುಕಿದಳು. ಅಡಿಕೆ ಸುಲಿಯಲು ಹೋಗುತ್ತೇನೆಂದರೆ ಅದು ಹಂಗಾಮಲ್ಲ. ಚನ್ನಗಿರಿಯ ಬಟ್ಟೆ ಅಂಗಡಿಯವರು ಹಬ್ಬ ಕಳೆಯಲಿ ಎಂದರು. ಹೊನ್ನಾಳಿಯ ಔಷಧಿ ಅಂಗಡಿಯಲ್ಲಿ ಒಂದು ಕೆಲಸ ಖಾಲಿ ಇತ್ತು, ಆದರೆ ಅಲ್ಲಿಂದ ನ್ಯಾಮತಿ ಎಷ್ಟು ದೂರ? ತಿಮ್ಮೇಶ್ ದಿನಾ ಬಂದು ಅಂಗಡಿಯ ಮುಂದೆ ನಿಲ್ಲುತ್ತಾನೆ ಎಂದು ಅವಳು ಹೋಗಲಿಲ್ಲ.

ಒಂದು ಬೆಳಿಗ್ಗೆ, ಅವಳು ರೊಟ್ಟಿ ತಟ್ಟುತ್ತಿರುವಾಗ, ಭೀಮೇಶ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದ. ಸಾಲು, ಮಿತಿ, ಹೆಸರುಗಳು, ಮದುವೆ, ಆ ಫೋನು. ಅವಳು ತಟ್ಟುವುದನ್ನು ನಿಲ್ಲಿಸಲಿಲ್ಲ.

“ಒಟ್ಟು ಎಷ್ಟ್ ಹೆಸ್ರು?”

“ಮೂವತ್ತೊಂದು. ಮದ್ವೇದು ಬ್ಯಾರೆ.”

“ನಂದು ಎಷ್ಟನೇದು?”

“ನಿಂದೇ ಮೊದಲ್ನೇದು.”

ಅವಳು ರೊಟ್ಟಿ ತಿರುವಿ ಹಾಕಿದಳು. “ಅವತ್ತು ಫೋನಾಗೆ ಮಾತಾಡ್ದೆ ಇದ್ದೋನು ನೀನಾ? ಯಾರೋ ಪಾಪ, ನನ್ನ ಮಾತು ಕೇಳಂಗಿಲ್ಲ ಅಂತ ಎಷ್ಟ್ ಕೂಗಿದೆ.” ಅಷ್ಟೇ ಹೇಳಿದಳು. ಅವಳು ಅತ್ತಿದ್ದರೆ, ಬೈದಿದ್ದರೆ, ಸುಡುವ ಕಾವಲಿ ಎತ್ತಿ ಎಸೆದಿದ್ದರೂ ಅವನಿಗೆ ತಡೆದುಕೊಳ್ಳುವುದಕ್ಕೆ ಆಗುತ್ತಿತ್ತು. ಅವಳು ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದಳು. ಅದನ್ನು ತಿನ್ನಲೂ ಆಗದೆ ಬಿಡಲೂ ಆಗದೆ ಅವನು ಕೂತಿದ್ದ.

ಭಾನುವಾರ ಗಾದ್ರಪ್ಪ ಬರುತ್ತೇನೆಂದು ಹೇಳಿ ಕಳಿಸಿದ. ಮೂರು ದಿನ ಭೀಮೇಶ ಒಂದೇ ಪದವನ್ನು ಬಾಯಿಪಾಠ ಮಾಡಿದ. ಬೈಕಿನ ಮೇಲೆ ಸೂಳೆಕೆರೆ ಏರಿಯವರೆಗೂ ಹೋಗಿ, ಯಾರೂ ಇಲ್ಲದಲ್ಲಿ ನಿಲ್ಲಿಸಿ, ‘ಕಳ್ಸಾಕಿಲ್ಲ’ ಎಂದು ಗಟ್ಟಿಯಾಗಿ ಹೇಳಿ ನೋಡಿದ. ಗಂಟಲಿಂದ ಹೊರಗೆ ಬಂತು. ಇನ್ನೆರಡು ಸಲ ಹೇಳಿದ. ಸಮಾಧಾನವಾಗಿ ವಾಪಸು ಬಂದ.

ಭಾನುವಾರ ಗಾದ್ರಪ್ಪನ ಜೊತೆ ತಿಮ್ಮೇಶನೂ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಚಾಪೆಯ ತುದಿಯಲ್ಲಿ ಸಂಕೋಚದಿಂದ ಕೂತ. ಚೈತ್ರಶ್ರೀ ಟೀ ತಂದಿಟ್ಟು ಒಳಗೆ ಹೋದಳು.

“ಮಾತಾಗಿದ್ದು ನಿನಗೂ ಗೊತ್ತೈತೆ,” ಎಂದ ಗಾದ್ರಪ್ಪ. “ಕೆಲ್ಸ ಇರೋಗಂಟ ಅಂತ. ಈಗ ಕೆಲ್ಸ ಇಲ್ಲ. ಹುಡುಗ ತಾನಾಗೇ ಬಂದಾನೆ. ಆದ್ರೂ ನೀನು ಒಡಹುಟ್ಟಿದೋನು, ನೀನು ಬ್ಯಾಡ ಅಂದ್ರೆ ನಾ ಬಲವಂತ ಮಾಡಾಕಿಲ್ಲ. ನಿನ್ನ ಬಾಯಿಂದ ಒಂದು ಮಾತು ಬರ್ಲಿ. ಏನಂತೀಯಾ?”

“ಚೆಂದಾಗಿ ನೋಡ್ಕಂತೀನಿ ಭಾವ,” ಎಂದ ತಿಮ್ಮೇಶ್, ಮೆಲ್ಲಗೆ.

ಇಬ್ಬರೂ ಅವನ ಮುಖ ನೋಡಿದರು. ಮುದುಕನ ಕಣ್ಣಿನಲ್ಲಿ ದಣಿವು, ಗಂಡನ ಕಣ್ಣಿನಲ್ಲಿ ಬೇಡಿಕೆ. ಬೇಡ ಎಂದರೆ ಸಾಕಿತ್ತು. ಮಾವನೇ ದಾರಿ ಬಿಟ್ಟುಕೊಟ್ಟಿದ್ದ. ಭೀಮೇಶ ಬಾಯಿ ತೆರೆದ.

“ಟೀ ಕುಡೀರಿ ಮಾವ,” ಎಂದ. “ಆರಿ ಹೋಗ್ತೈತೆ.”

ಗಾದ್ರಪ್ಪ ತಲೆಯಾಡಿಸಿ ಲೋಟ ಎತ್ತಿಕೊಂಡ. ಭೀಮೇಶ ಹಿಂದಕ್ಕೆ ತಿರುಗಿದ. ಒಳಬಾಗಿಲಲ್ಲಿ ಚೈತ್ರಶ್ರೀ ನಿಂತಿದ್ದಳು. ಸೀರೆ ಬದಲಾಯಿಸಿದ್ದಳು. ಕೈಯಲ್ಲಿ ಬ್ಯಾಗಿತ್ತು, ತುಂಬಿ, ಜಿಪ್ ಎಳೆದದ್ದು. ಅಷ್ಟನ್ನು ತುಂಬಲು ಈ ಎರಡು ನಿಮಿಷ ಸಾಲುವುದಿಲ್ಲ.

“ಇದನ್ನ ಯಾವಾಗ ಕಟ್ಟಿದ್ದು?” ಎಂದು ಕೇಳಿದ.

“ನಿನ್ನೇನೇ,” ಎಂದಳು ಅವಳು, ಚಪ್ಪಲಿ ಮೆಟ್ಟಿಕೊಳ್ಳುತ್ತ.